ಗಂಟಲಮಾರಿ: ಲಸಿಕೆಯ ದಿನ ಪದೇ ಪದೇ ಕೇಳುವ ಪ್ರಶ್ನೆಗಳು

ಗುರುವಾರ ಬಂತೆಂದರೆ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಅಂಗನವಾಡಿಗೆ ಹೋಗುವುದು ನನ್ನ ಕೆಲಸ. ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಸೂಜಿ ಹಾಕಲು ಒಂದು ನಿಮಿಷ ಸಾಕು, ತಾಯಂದಿರ, ಅಜ್ಜಿಯರ ಪ್ರಶ್ನೆಗಳಿಗೆ ಉತ್ತರ ಹೇಳಲು ಅರ್ಧ ದಿನ ಬೇಕು. ಆ ಅರ್ಧ ದಿನ ದಂಡವಾಯಿತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಗಂಟಲಮಾರಿಯ ಬಗ್ಗೆ ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಗಂಟಲಮಾರಿ ಅಂದರೆ ಯಾವ ಕಾಯಿಲೆ?

ಡಾಕ್ಟರು ಡಿಫ್ತೀರಿಯಾ ಅನ್ನುವುದನ್ನೇ ನಮ್ಮ ಹಿರಿಯರು ಗಂಟಲಮಾರಿ ಅಂದರು. ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೇ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದು ಟಾನ್ಸಿಲ್ ಮೇಲೆ, ಗಂಟಲಲ್ಲಿ, ಮೂಗಿನೊಳಗೆ ಬೇರುಬಿಟ್ಟು ವಿಷ ಕಾರುತ್ತದೆ. ಆ ವಿಷಕ್ಕೆ ಸತ್ತ ಜೀವಕೋಶಗಳು, ರಕ್ತದ ಅಂಶ, ಬ್ಯಾಕ್ಟೀರಿಯಾ ಎಲ್ಲ ಸೇರಿ ಹೆಪ್ಪುಗಟ್ಟಿ ಬೂದುಬಿಳಿ ಬಣ್ಣದ ದಪ್ಪ ಪೊರೆಯಾಗುತ್ತದೆ. 1826ರಲ್ಲಿ ಫ್ರಾನ್ಸಿನ ವೈದ್ಯ ಪಿಯೆರ್ ಬ್ರೆಟನೋ ಕಾಯಿಲೆಗೆ ಹೆಸರಿಟ್ಟದ್ದೂ ಈ ಪೊರೆಯನ್ನು ನೋಡಿಯೇ. ಗ್ರೀಕ್ ಭಾಷೆಯಲ್ಲಿ 'ಡಿಫ್ತೆರಾ' ಅಂದರೆ ತೊಗಲು. ಒಮ್ಮೆ ಕಣ್ಣಾರೆ ಕಂಡವರಿಗೆ ಆ ಹೆಸರು ಎಷ್ಟು ಸರಿ ಅಂತ ತಿಳಿಯುತ್ತದೆ. ಒದ್ದೆ ಚರ್ಮದ ತುಂಡನ್ನು ಗಂಟಲಿಗೆ ಅಂಟಿಸಿದ ಹಾಗೇ ಇರುತ್ತದೆ.

ಇದು ಅಜ್ಜಿ ಕಾಲದ ರೋಗ ಅಲ್ವಾ? ಈಗಲೂ ಬರುತ್ತಾ?

ಬರುತ್ತದೆ. ನಮ್ಮ ದೇಶದಲ್ಲೂ ಬರುತ್ತದೆ. ಜಗತ್ತಿನಲ್ಲಿ ವರದಿಯಾಗುವ ಪ್ರಕರಣಗಳಲ್ಲಿ ದೊಡ್ಡ ಪಾಲು ಹಲವು ವರ್ಷ ಭಾರತದ್ದೇ ಆಗಿತ್ತು. 2018ರಲ್ಲಿ ಇಡೀ ಜಗತ್ತಿನ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ನಮ್ಮವು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಎದ್ದಾಗ ರಾಜ್ಯವೇ ಬೆಚ್ಚಿತು. ಅಷ್ಟೊಂದು ಓದು ಬರಹ ಇರುವ ನಾಡಿನಲ್ಲೂ ಲಸಿಕೆ ಬಿಟ್ಟ ಮನೆಗಳನ್ನು ಅದು ಹುಡುಕಿಕೊಂಡು ಹೋಯಿತು.

ಗಂಟಲಲ್ಲಿ ಕೂತ ಕಾಯಿಲೆ ಹೃದಯಕ್ಕೆ ಹೇಗೆ ಏರುತ್ತೆ?

ಈ ಪ್ರಶ್ನೆಗೆ ನಾನು ಯಾವಾಗಲೂ ನಿಧಾನವಾಗಿ ಉತ್ತರ ಹೇಳುತ್ತೇನೆ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಬ್ಯಾಕ್ಟೀರಿಯಾ ಗಂಟಲು ಬಿಟ್ಟು ಸಾಮಾನ್ಯವಾಗಿ ಎಲ್ಲಿಗೂ ಹೋಗುವುದಿಲ್ಲ. ಅದು ಕೂತಲ್ಲೇ ಕೂತಿರುತ್ತದೆ, ಅದು ಬಿಟ್ಟ ವಿಷ ರಕ್ತದಲ್ಲಿ ಬೆರೆತು ಮೈಯೆಲ್ಲ ಓಡಾಡುತ್ತದೆ. 1888ರಲ್ಲಿ ಪ್ಯಾರಿಸ್ಸಿನಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಇದನ್ನು ತೋರಿಸಿದರು. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಇಲ್ಲದ ತಿಳಿಯನ್ನು ಪ್ರಾಣಿಗಳಿಗೆ ಚುಚ್ಚಿದರು. ಪ್ರಾಣಿಗಳು ಸತ್ತವು. ಕೊಲ್ಲುವುದು ವಿಷ ಅಂತ ಅಂದು ಖಾತ್ರಿಯಾಯಿತು. ಆ ವಿಷ ಒಂದು ಕಿಲೋ ತೂಕಕ್ಕೆ ಒಂದು ಗ್ರಾಮಿನ ಕೋಟಿ ಪಾಲಿನಲ್ಲಿ ಒಂದು ಪಾಲು ಸೇರಿದರೂ ಮನುಷ್ಯನ ಜೀವ ಹೋಗಬಹುದು.

ಅದು ಜೀವಕೋಶದೊಳಗೆ ನುಗ್ಗಿ, ಪ್ರೋಟೀನ್ ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಹಿಟ್ಟಿಲ್ಲದ ಮನೆಯಲ್ಲಿ ಒಲೆ ಆರುವ ಹಾಗೆ ಜೀವಕೋಶ ಸಾಯುತ್ತದೆ. ಹೃದಯದ ಸ್ನಾಯು ಮತ್ತು ನರಗಳಿಗೆ ಇದರ ಪೆಟ್ಟು ಜೋರು. ಅದಕ್ಕೇ ಗಂಟಲು ವಾಸಿಯಾಯಿತು, ಮಗು ಊಟ ಮಾಡುತ್ತಿದೆ ಅಂತ ಸಮಾಧಾನಪಡುವ ಹೊತ್ತಿಗೆ, ಒಂದೆರಡು ವಾರದಲ್ಲಿ ಹೃದಯದ ಬಡಿತ ಏರುಪೇರಾಗುವುದುಂಟು. ನರಗಳ ತೊಂದರೆ ಇನ್ನೂ ತಡವಾಗಿ, ಕೆಲವು ವಾರಗಳ ಮೇಲೆ ಕಾಣಬಹುದು.

ಇನ್ನೊಂದು ಸೋಜಿಗ ಇದೆ. ಈ ಬ್ಯಾಕ್ಟೀರಿಯಾಕ್ಕೆ ವಿಷ ಮಾಡುವ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಜಾತಿಯ ವೈರಸ್ ಬ್ಯಾಕ್ಟೀರಿಯಾದೊಳಗೆ ಹೊಕ್ಕು ವಿಷದ ಜೀನನ್ನು ಅದಕ್ಕೆ ತಂದುಕೊಡುತ್ತದೆ. 1951ರಲ್ಲಿ ವಿಕ್ಟರ್ ಫ್ರೀಮನ್ ಎಂಬ ವಿಜ್ಞಾನಿ ಇದನ್ನು ಕಂಡುಕೊಂಡರು. ಆ ವೈರಸ್ ಹೊಕ್ಕಿಲ್ಲದ ಡಿಫ್ತೀರಿಯಾ ಬ್ಯಾಕ್ಟೀರಿಯಾ ಈ ವಿಷವನ್ನು ಮಾಡಲಾರದು.

ಸಾದಾ ಗಂಟಲು ನೋವಿಗೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯಬೇಕು?

ಶುರುವಿನಲ್ಲಿ ತಿಳಿಯುವುದು ಕಷ್ಟ. ರೋಗಾಣು ಸೇರಿದ 2ರಿಂದ 5 ದಿನಕ್ಕೆ ಗಂಟಲು ನೋವು, ಸುಸ್ತು, ಊಟ ಸೇರದಿರುವುದು ಕಾಣುತ್ತದೆ. ಜ್ವರ ಅಷ್ಟೇನೂ ಇರುವುದಿಲ್ಲ, ಮನೆಯವರು ಮೋಸ ಹೋಗುವುದು ಇಲ್ಲೇ. ಮೈ ಸುಡುತ್ತಿಲ್ಲ, ಹಾಗಾಗಿ ಏನೂ ಆಗಿಲ್ಲ ಅಂದುಕೊಳ್ಳುತ್ತಾರೆ. ಆದರೆ ಮಗುವಿನ ಮುಖ ನೋಡಿ. ಜ್ವರ ಕಡಿಮೆ ಇದ್ದರೂ ಮಗು ಬಾಡಿಹೋಗಿರುತ್ತದೆ, ಕಣ್ಣಲ್ಲಿ ಕಳೆ ಇರುವುದಿಲ್ಲ.

ಒಂದೆರಡು ದಿನದಲ್ಲಿ ಟಾನ್ಸಿಲ್ ಮೇಲೆ ಪೊರೆ ಕಟ್ಟುತ್ತದೆ. ಮೊದಲು ತೆಳ್ಳಗೆ ಬಿಳಿ, ಆಮೇಲೆ ಬೂದು, ಕೆಲವೊಮ್ಮೆ ಹಸಿರು ಅಥವಾ ಕಪ್ಪು ಛಾಯೆ. ಹಾಲು ಕುಡಿದ ಬಿಳುಪು ನೀರು ಕುಡಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ಟಾನ್ಸಿಲ್ ಕೀವಾದರೆ ಬಿಳಿ ಚುಕ್ಕೆಗಳು ಟಾನ್ಸಿಲ್ ಮೇಲಷ್ಟೇ ಇರುತ್ತವೆ. ಈ ಪೊರೆ ಟಾನ್ಸಿಲ್ ದಾಟಿ ಕಿರುನಾಲಿಗೆಗೂ ಬಾಯಿಯ ಅಂಗಳಕ್ಕೂ ಹಬ್ಬುತ್ತದೆ, ಕಿತ್ತರೆ ರಕ್ತ ಬರುತ್ತದೆ. ಕುತ್ತಿಗೆ ಎರಡೂ ಕಡೆ ಊದಿ ಎತ್ತಿನ ಕುತ್ತಿಗೆಯ ಹಾಗೆ ಕಾಣಿಸಿದರೆ ರೋಗ ಜೋರಾಗಿದೆ ಅಂತಲೇ ಅರ್ಥ. ದನಿ ಒಡೆಯುವುದು, ನಾಯಿ ಬೊಗಳಿದಂಥ ಕೆಮ್ಮು, ಉಸಿರು ಎಳೆಯುವಾಗ ಸುಯ್ ಎಂಬ ಸದ್ದು, ಇವು ಪೊರೆ ಧ್ವನಿಪೆಟ್ಟಿಗೆಗೆ ಇಳಿದ ಲಕ್ಷಣ. ಆಗ ಒಂದು ನಿಮಿಷವೂ ಕಾಯುವಂತಿಲ್ಲ. ಮೂಗಿನ ಒಂದೇ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಸುರಿಯುತ್ತಲೇ ಇದ್ದರೂ ಒಮ್ಮೆ ತೋರಿಸಿ.

ಆ ಪೊರೆಯನ್ನು ಬಟ್ಟೆ ಸುತ್ತಿದ ಬೆರಳಿಂದ ತೆಗೆದರೆ ಆಗಲ್ವಾ?

ಕೈ ಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಒಬ್ಬ ಅಜ್ಜಿ ಮೊಮ್ಮಗನ ಗಂಟಲಿಗೆ ಅರಿಶಿಣ, ಉಪ್ಪು ಹಚ್ಚಿ ತಿಕ್ಕಿದ್ದನ್ನು ನೋಡಿದ್ದೇನೆ. ಸೆರಗಿನ ತುದಿಯಲ್ಲಿ ರಕ್ತದ ಕಲೆ ಇತ್ತು. ಅವರ ಪ್ರೀತಿಯಲ್ಲಿ ಒಂದು ತೂಕವೂ ಕಡಿಮೆ ಇರಲಿಲ್ಲ. ಆದರೆ ಪೊರೆ ಕಿತ್ತರೆ ಕೆಳಗಿನ ಮಾಂಸ ಹರಿದು ರಕ್ತ ಬರುತ್ತದೆ, ಕಿತ್ತ ತುಂಡು ಉಸಿರುನಾಳಕ್ಕೆ ಜಾರಿದರೆ ಅಲ್ಲೇ ಉಸಿರು ಕಟ್ಟಬಹುದು. ಉಪ್ಪುನೀರು, ಕಷಾಯ ಸಾದಾ ಗಂಟಲು ನೋವಿಗೆ ಹಿತ ಕೊಡುತ್ತವೆ, ರಕ್ತಕ್ಕೆ ಸೇರುತ್ತಿರುವ ವಿಷವನ್ನು ತಡೆಯಲಾರವು.

ಸಂಶಯ ಬಂದರೆ ಎಲ್ಲಿಗೆ ಹೋಗಬೇಕು?

ನೇರ ಪಿ.ಎಚ್.ಸಿ.ಗೆ ಅಥವಾ ತಾಲ್ಲೂಕು ಆಸ್ಪತ್ರೆಗೆ. ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಫೋನ್ ಮಾಡಿ. ಹೋಗುವಾಗ ಮಗುವಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಮಗು ಓಡಾಡದ ಹಾಗೆ ಎತ್ತಿಕೊಂಡೇ ಹೋಗಿ, ಹೃದಯಕ್ಕೆ ದಣಿವಾಗಬಾರದು.

ನಾನು ಮರೆಯಲಾಗದ ಒಂದು ಮಗುವಿದೆ, ಆರು ವರ್ಷದ ಹುಡುಗಿ. ಮನೆಯವರು ಒಂದು ಕ್ಲಿನಿಕ್ಕಿಗೆ ತೋರಿಸಿದ್ದರು, ಟಾನ್ಸಿಲ್ ಅಂತ ಮಾತ್ರೆ ಕೊಟ್ಟು ಕಳಿಸಿದ್ದರು. ಮೂರು ದಿನ ಕಳೆಯಿತು. ನಾಲ್ಕನೇ ದಿನ ಆಶಾ ಕಾರ್ಯಕರ್ತೆ ಬೇರೆ ಕೆಲಸಕ್ಕೆ ಆ ಮನೆಗೆ ಹೋದವಳು ಹುಡುಗಿಯ ಕುತ್ತಿಗೆ ನೋಡಿ ನನಗೆ ಫೋನ್ ಮಾಡಿದಳು. ಜಿಲ್ಲಾ ಕೇಂದ್ರಕ್ಕೆ ಸಾಗಿಸಿದೆವು, ಮಗು ಉಳಿಯಿತು. ಮೂರು ವಾರದ ಮೇಲೆ ಮನೆಗೆ ಹೋದಾಗ ಅವರಮ್ಮ ಅಂದರು, "ಅಕ್ಕಾರ, ಹಾಲು ಕುಡಿದ್ರ ಮೂಗಿನಾಗ ಬರಾಕತ್ತೈತ್ರಿ." ಹುಡುಗಿಯ ಮಾತೂ ಮೂಗಿನಲ್ಲೇ ಬರುತ್ತಿತ್ತು. ವಿಷ ಅಂಗಳದ ನರಗಳನ್ನು ಹಿಡಿದಿತ್ತು. ಮತ್ತೆ ಆಸ್ಪತ್ರೆ, ಮತ್ತೆ ದಾಖಲು. ಕೊನೆಗೆ ಪೂರ್ತಿ ಸರಿಹೋಯಿತು, ಈ ನರದೌರ್ಬಲ್ಯ ಸಾಮಾನ್ಯವಾಗಿ ನಿಧಾನಕ್ಕೆ ವಾಸಿಯಾಗುತ್ತದೆ. ಆ ಮಗುವಿನ ಕಾರ್ಡಿನಲ್ಲಿ ಮೊದಲ ಮೂರು ಡೋಸ್ ಆಗಿದ್ದವು. ಒಂದೂವರೆ ವರ್ಷದ್ದೂ ಇರಲಿಲ್ಲ, ಐದು ವರ್ಷದ್ದೂ ಇರಲಿಲ್ಲ. ಆ ಎರಡು ಖಾಲಿ ಚೌಕ ನನ್ನ ಕಣ್ಣ ಮುಂದೆ ಈಗಲೂ ಇವೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರು ಕಡ್ಡಿಗಳಂಥ ಬ್ಯಾಕ್ಟೀರಿಯಾ, ತುದಿಯಲ್ಲಿ ಕಪ್ಪು ನೀಲಿ ಚುಕ್ಕೆ, ಒಂದರ ಮೇಲೊಂದು ಓರೆಯಾಗಿ ಬಿದ್ದು ಚೀನೀ ಅಕ್ಷರ ಬರೆದ ಹಾಗೆ ಕಾಣುತ್ತವೆ. ಅದನ್ನು ಬೆಳೆಸಿ ನೋಡಿ, ವಿಷ ಮಾಡುತ್ತದೋ ಇಲ್ಲವೋ ಅಂತ ತಿಳಿಯಲು ದಿನಗಳು ಬೇಕು. ಒಳ್ಳೆಯ ಡಾಕ್ಟರು ಆ ವರದಿಗೆ ಕಾಯುವುದಿಲ್ಲ, ಗಂಟಲು ನೋಡಿಯೇ ಚಿಕಿತ್ಸೆ ಶುರುಮಾಡುತ್ತಾರೆ.

ಚಿಕಿತ್ಸೆಯಲ್ಲಿ ಎರಡು ಮದ್ದು. ಪೆನಿಸಿಲಿನ್ ಅಥವಾ ಎರಿತ್ರೋಮೈಸಿನ್ ಜಾತಿಯ ಆ್ಯಂಟಿಬಯೋಟಿಕ್ 14 ದಿನ. ಇದು ಬ್ಯಾಕ್ಟೀರಿಯಾವನ್ನು ಕೊಂದು, ಹೊಸ ವಿಷ ಹುಟ್ಟದಂತೆಯೂ ಬೇರೆಯವರಿಗೆ ಹರಡದಂತೆಯೂ ಮಾಡುತ್ತದೆ. ಆದರೆ ಆಗಲೇ ಬಿಟ್ಟ ವಿಷವನ್ನು ಇದು ಮುಟ್ಟುವುದಿಲ್ಲ. ಅದಕ್ಕೆ ಪ್ರತಿವಿಷವೇ ಬೇಕು.

ಕುದುರೆಯಿಂದ ತೆಗೆದ ಇಂಜೆಕ್ಷನ್ ಅಂತಾರಲ್ಲ, ಅದೇನು?

ಅದೇ ಪ್ರತಿವಿಷ. ಕುದುರೆಗೆ ಡಿಫ್ತೀರಿಯಾ ವಿಷದ ಅಂಶವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟರೆ ಅದರ ರಕ್ತದಲ್ಲಿ ವಿಷವನ್ನು ಕಟ್ಟಿಹಾಕುವ ಶಕ್ತಿ ಹುಟ್ಟುತ್ತದೆ. ಆ ರಕ್ತದ ತಿಳಿಯನ್ನು ಶುದ್ಧ ಮಾಡಿ ಬಳಸುತ್ತಾರೆ. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ವಾನ್ ಬೇರಿಂಗ್ ಮತ್ತು ಜಪಾನಿನ ಶಿಬಸಬುರೊ ಕಿಟಸಾಟೊ ಈ ದಾರಿ ತೋರಿಸಿದರು. 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬೇರಿಂಗ್ ಅವರಿಗೆ ಬಂದದ್ದು ಇದೇ ಕೆಲಸಕ್ಕೆ. ಕಿಟಸಾಟೊ ಅವರಿಗೂ ಅದರಲ್ಲಿ ಪಾಲು ಸಿಗಬೇಕಿತ್ತು ಅಂತ ನನ್ನ ಮನಸ್ಸು ಹೇಳುತ್ತದೆ.

ಇದರ ಬೆಲೆ ಎಷ್ಟಿತ್ತು ಅಂದರೆ, 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಎಂಬ ಹಿಮದ ಊರಿನಲ್ಲಿ ಗಂಟಲಮಾರಿ ಎದ್ದಾಗ ಪ್ರತಿವಿಷ ಮುಟ್ಟಿಸಲು ಬೇರೆ ದಾರಿ ಇರಲಿಲ್ಲ. ನಾಯಿ ಎಳೆಯುವ ಜಾರುಬಂಡಿಯ 20 ಜನ ಸವಾರರು, ಸುಮಾರು 150 ನಾಯಿಗಳು, ಕೈಯಿಂದ ಕೈಗೆ ದಾಟಿಸುತ್ತ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಐದೂವರೆ ದಿನದಲ್ಲಿ ಮುಟ್ಟಿದರು.

ಆತುರ ಯಾಕೆ ಅಂದರೆ, ರಕ್ತದಲ್ಲಿ ತೇಲುತ್ತಿರುವ ವಿಷವನ್ನಷ್ಟೇ ಪ್ರತಿವಿಷ ಹಿಡಿಯಬಲ್ಲದು. ಜೀವಕೋಶದೊಳಗೆ ಹೊಕ್ಕ ವಿಷ ಅದರ ಕೈಗೆ ಸಿಗುವುದಿಲ್ಲ. ಮೊದಲ ದಿನ ಕೊಟ್ಟರೆ ಬದುಕುವ ಮಗು ಐದನೇ ದಿನ ಕೊಟ್ಟರೆ ಉಳಿಯದೇ ಹೋಗಬಹುದು. ಕುದುರೆಯದಾದ್ದರಿಂದ ಕೆಲವರ ಮೈಗೆ ಒಗ್ಗುವುದಿಲ್ಲ, ಅದಕ್ಕೆ ಮೊದಲು ಸ್ವಲ್ಪ ಕೊಟ್ಟು ಪರೀಕ್ಷೆ ಮಾಡಿ ಆಮೇಲೆ ಪೂರ್ತಿ ಕೊಡುತ್ತಾರೆ. ಎಲ್ಲ ಆಸ್ಪತ್ರೆಯಲ್ಲೂ ಇದು ಇರುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು ಗಂಟಲಮಾರಿಯಿಂದ ಸತ್ತಾಗ ಪ್ರತಿವಿಷದ ಕೊರತೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಓದಿ ಅಂದು ನನಗೆ ಊಟ ಸೇರಲಿಲ್ಲ. ಪುಕ್ಕಟೆ ಸಿಗುವ ಲಸಿಕೆ ತಪ್ಪಿದ್ದಕ್ಕೆ ಆ ಮಕ್ಕಳು ಎಲ್ಲೂ ಸಿಗದ ಮದ್ದಿಗಾಗಿ ಕಾಯಬೇಕಾಯಿತು.

ಚಿಕಿತ್ಸೆ ಕೊಟ್ಟರೆ ಎಲ್ಲರೂ ಉಳಿಯುತ್ತಾರಾ?

ಇಲ್ಲ. ಚಿಕಿತ್ಸೆ ಸಿಕ್ಕರೂ ಹತ್ತರಲ್ಲಿ ಒಬ್ಬರಷ್ಟು ಸಾಯುವುದುಂಟು, ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಚಿಕಿತ್ಸೆ ಸಿಗದಿದ್ದರೆ ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳುವ ಹಾಗಿರುತ್ತದೆ.

ಹೇಗೆ ಹರಡುತ್ತೆ? ಮನೆಯಲ್ಲಿ ಬೇರೆ ಮಕ್ಕಳಿದ್ದಾರೆ.

ಕೆಮ್ಮು, ಸೀನಿನ ಹನಿಗಳಿಂದ ಹರಡುತ್ತದೆ. ಕೆಲವೊಮ್ಮೆ ಚರ್ಮದ ಮೇಲೆ ಗಾಯವಾಗಿಯೂ ಈ ರೋಗ ಬರುತ್ತದೆ, ಆ ಗಾಯ ಮುಟ್ಟಿದರೂ ತಗುಲಬಹುದು. ರೋಗವೇ ಕಾಣದ, ಆರಾಮಾಗಿ ಓಡಾಡುವವರ ಗಂಟಲಲ್ಲೂ ಬ್ಯಾಕ್ಟೀರಿಯಾ ಇರಬಹುದು. ಹಾಗಾಗಿ ಯಾರಿಂದ ಬಂತು ಅಂತ ಯಾರನ್ನೂ ದೂರಬೇಡಿ, ಪತ್ತೆ ಹಚ್ಚುವುದೇ ಕಷ್ಟ.

ಒಂದು ಮನೆಯಲ್ಲಿ ಒಬ್ಬರಿಗೆ ಬಂದರೆ ಜೊತೆಗಿದ್ದವರಿಗೆಲ್ಲ ಗಂಟಲು ಪರೀಕ್ಷೆ ಮಾಡಿ, ರೋಗ ಬರಲಿ ಬಿಡಲಿ, ಆ್ಯಂಟಿಬಯೋಟಿಕ್ ಕೊಡುತ್ತೇವೆ. ಕಾರ್ಡ್ ನೋಡಿ ಬಾಕಿ ಇರುವ ಲಸಿಕೆ ಹಾಕುತ್ತೇವೆ. ಕೆಲವು ದಿನ ಮನೆಗೆ ಬಂದು ಗಂಟಲು ನೋಡುತ್ತೇವೆ. ಊರಿನವರು ಇದನ್ನು ಕಂಡು ಆ ಮನೆಗೆ ಏನೋ ಆಗಿದೆ ಅಂತ ದೂರ ಇಡಬಾರದು. ನಾವು ಬರುವುದು ಇಡೀ ಓಣಿಯನ್ನು ಕಾಯಲು.

ಲಸಿಕೆ ಯಾವ ಯಾವ ವಯಸ್ಸಿಗೆ?

ಸರ್ಕಾರದ ಪಟ್ಟಿಯ ಪ್ರಕಾರ ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ ಪೆಂಟಾವೇಲೆಂಟ್. ಇದರಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಮಕ್ಕಳಿಗೆ ನ್ಯುಮೋನಿಯಾ, ಮೆದುಳುಜ್ವರ ತರುವ ಹಿಬ್ ಬ್ಯಾಕ್ಟೀರಿಯಾ, ಹೀಗೆ ಐದಕ್ಕೂ ರಕ್ಷಣೆ ಇದೆ. ಆಮೇಲೆ 16ರಿಂದ 24 ತಿಂಗಳೊಳಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಡಿಪಿಟಿ ಲಸಿಕೆಯ ಮೊದಲ ಬೂಸ್ಟರ್, ಅಂದರೆ ಬಲ ಹೆಚ್ಚಿಸುವ ಡೋಸ್, 5ರಿಂದ 6 ವರ್ಷದೊಳಗೆ ಎರಡನೇ ಬೂಸ್ಟರ್. ಹತ್ತು ಮತ್ತು ಹದಿನಾರು ವರ್ಷಕ್ಕೆ ಟಿಡಿ. ಮೊದಲು ಟಿ.ಟಿ. ಅಂತ ಕೊಡುತ್ತಿದ್ದ ಜಾಗದಲ್ಲಿ ಈಗ ಟಿಡಿ ಇದೆ, ಅಂದರೆ ಧನುರ್ವಾಯುವಿನ ಜೊತೆ ಗಂಟಲಮಾರಿಗೂ ರಕ್ಷಣೆ. ಎಲ್ಲವೂ ಸರ್ಕಾರಿ ಆಸ್ಪತ್ರೆ, ಉಪಕೇಂದ್ರ, ಅಂಗನವಾಡಿಗಳಲ್ಲಿ ಪುಕ್ಕಟೆ.

ಲಸಿಕೆಯಲ್ಲಿ ಆ ವಿಷವನ್ನೇ ಹಾಕಿರ್ತಾರಂತೆ, ನಿಜವಾ?

ಹಲ್ಲು ಕಿತ್ತ ಹಾವು ಅಂದುಕೊಳ್ಳಿ. 1923ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ರಾಮೋ ಈ ವಿಷಕ್ಕೆ ಫಾರ್ಮಲಿನ್ ಬೆರೆಸಿ ಹದವಾದ ಬಿಸಿಯಲ್ಲಿ ಇಟ್ಟರೆ ಅದರ ಕೊಲ್ಲುವ ಗುಣ ಹೋಗಿ ಆಕಾರ ಮಾತ್ರ ಉಳಿಯುತ್ತದೆ ಅಂತ ಕಂಡುಕೊಂಡರು. ಅದನ್ನು ಟಾಕ್ಸಾಯ್ಡ್ ಅನ್ನುತ್ತಾರೆ. ಮಗುವಿನ ದೇಹ ಆ ಆಕಾರವನ್ನು ಗುರುತಿಟ್ಟುಕೊಂಡು, ನಿಜವಾದ ವಿಷ ಬಂದರೆ ಹಿಡಿದು ಕಟ್ಟುವ ಸಿದ್ಧತೆ ಮಾಡಿಕೊಳ್ಳುತ್ತದೆ. ಲಸಿಕೆಯಲ್ಲಿ ಜೀವಂತ ರೋಗಾಣು ಇಲ್ಲ, ಆದ್ದರಿಂದ ಲಸಿಕೆಯಿಂದ ಗಂಟಲಮಾರಿ ಬರಲು ಸಾಧ್ಯವೇ ಇಲ್ಲ.

ಮೊದಲ ಮೂರೂ ಹಾಕಿಸಿದೀವಿ. ಮಗು ಗಟ್ಟಿಯಾಗಿದೆ. ಮತ್ತೆ ಯಾಕೆ?

ಇದೊಂದು ಪ್ರಶ್ನೆಗಾಗಿಯೇ ನಾನು ಈ ಪುಟ ಬರೆಯಲು ಕೂತದ್ದು.

ಹೆರಿಗೆಯಾದ ಮೊದಲ ವರ್ಷ ಎಲ್ಲರೂ ಬರುತ್ತಾರೆ. ಬಾಣಂತಿ ತವರಿನಲ್ಲಿರುತ್ತಾಳೆ, ಅಜ್ಜಿ ಜೊತೆ ಬರುತ್ತಾರೆ, ಆಶಾ ಮನೆಮನೆಗೆ ಹೋಗಿ ಕರೆಯುತ್ತಾಳೆ. ಒಂದು ವರ್ಷ ದಾಟಿ ದಡಾರದ ಸೂಜಿ ಆದ ಮೇಲೆ ಕಾರ್ಡ್ ಟ್ರಂಕಿನ ತಳ ಸೇರುತ್ತದೆ. ಮಗು ನಡೆಯುತ್ತದೆ, ಓಡುತ್ತದೆ, ಶಾಲೆಗೆ ಹೋಗುತ್ತದೆ. ಸೂಜಿಯ ಕಾಲ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ವ್ಯವಸ್ಥೆಯೂ ಅಲ್ಲಿ ಸಡಿಲ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಒಂದು ವರ್ಷದೊಳಗಿನ ಮಕ್ಕಳ ಪಟ್ಟಿಯನ್ನು ನಾವು ಹಿಡಿದಷ್ಟು ಬಿಗಿಯಾಗಿ ಐದು ವರ್ಷದವರ ಪಟ್ಟಿಯನ್ನು ಹಿಡಿಯುವುದಿಲ್ಲ.

ಆದರೆ ಟಾಕ್ಸಾಯ್ಡ್ ಕಲಿಸಿದ ಪಾಠ ದೇಹಕ್ಕೆ ವರ್ಷ ಕಳೆದಂತೆ ಮಾಸುತ್ತದೆ. ಮೂರು ಡೋಸಿನ ಬಲ ಶಾಲೆಗೆ ಸೇರುವ ಹೊತ್ತಿಗೆ ಇಳಿದಿರುತ್ತದೆ, ಅದೇ ಹೊತ್ತಿಗೆ ಮಗು ಒಂದೇ ಕೋಣೆಯಲ್ಲಿ ಮೂವತ್ತು ನಲವತ್ತು ಮಕ್ಕಳ ಜೊತೆ ಕೂರುತ್ತದೆ. ಹಿಂದೆ ಇದು ಐದು ವರ್ಷದೊಳಗಿನವರ ರೋಗವಾಗಿತ್ತು. ಈಗ ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೆಚ್ಚು ಕಾಣುತ್ತಿರುವುದಕ್ಕೆ ಇದೇ ಕಾರಣ. ರೋಗ ಎಲ್ಲಿ ಸಂದು ಇದೆಯೋ ಅಲ್ಲಿ ನುಗ್ಗುತ್ತಿದೆ, ಆ ಸಂದು ಒಂದೂವರೆ ವರ್ಷದ ಮತ್ತು ಐದು ವರ್ಷದ ಸೂಜಿ.

ನಾವು ಗುಳೆ ಹೋಗ್ತೀವಿ. ನಮ್ಮ ಮಗುವಿನ ಸೂಜಿ ಏನಾಗಬೇಕು?

ದೀಪಾವಳಿ ಕಳೆದರೆ ಕಬ್ಬು ಕಡಿಯಲು, ಬೆಂಗಳೂರಿಗೆ, ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳು ನಮ್ಮ ಕಡೆ ಸಾಕಷ್ಟಿವೆ. ಹೋಗುವ ಮುಂಚೆ ಒಮ್ಮೆ ಕಾರ್ಡ್ ತೋರಿಸಿ, ಅವಧಿ ಬಂದಿದ್ದರೆ ಹಾಕಿಸಿಕೊಂಡೇ ಹೊರಡಿ. ಕಾರ್ಡ್ ಜೊತೆಯಲ್ಲೇ ಇರಲಿ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಡಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ದೇಶದ ಯಾವ ಸರ್ಕಾರಿ ಲಸಿಕಾ ಕೇಂದ್ರದಲ್ಲಾದರೂ ಹಾಕುತ್ತಾರೆ. ನಿಮ್ಮ ಊರಿನ ಆಧಾರ್ ವಿಳಾಸ ಅಡ್ಡಿಯಲ್ಲ. ಇಟ್ಟಿಗೆ ಭಟ್ಟಿ, ಗುಡಿಸಲು, ಕಟ್ಟಡದ ಕೆಲಸದ ಜಾಗ, ಎಲ್ಲಿದ್ದರೂ ಅಲ್ಲಿನ ಆಶಾ ಅಥವಾ ಅಂಗನವಾಡಿ ಟೀಚರನ್ನು ಕೇಳಿ. ಹೀಗೆ ತಪ್ಪಿಹೋದ ಮಕ್ಕಳನ್ನು ಹುಡುಕಲೆಂದೇ 2014ರ ಡಿಸೆಂಬರಿನಲ್ಲಿ ಮಿಷನ್ ಇಂದ್ರಧನುಷ್ ಶುರುವಾದದ್ದು.

ಡೋಸ್ ತಪ್ಪಿ ವರ್ಷವೇ ಆಯ್ತು. ಮತ್ತೆ ಮೊದಲಿಂದ ಶುರುಮಾಡಬೇಕಾ?

ಬೇಡ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುತ್ತೇವೆ. ಒಂದು ವರ್ಷದವರೆಗೆ ಪೆಂಟಾ ಶುರುವೇ ಆಗದಿದ್ದರೆ ಡಿಪಿಟಿ ಕೊಡುತ್ತೇವೆ, ಏಳು ವರ್ಷದವರೆಗೂ ಕೊಡಬಹುದು. ಏಳು ದಾಟಿದರೆ ಟಿಡಿ. ತಡವಾಯಿತು ಅಂತ ಸಿಸ್ಟರ್ ಬೈತಾರೆ ಎಂಬ ಅಂಜಿಕೆಯಿಂದಲೇ ಕೆಲವರು ಬರುವುದಿಲ್ಲ. ಬನ್ನಿ. ತಡವಾಗಿ ಬಂದ ತಾಯಿಯನ್ನು ಬೈದರೆ ಆ ತಾಯಿ ಮುಂದಿನ ಸಲ ಬರುವುದೇ ಇಲ್ಲ ಅಂತ ನಾನು ನನ್ನ ಜೊತೆಯವರಿಗೂ ಹೇಳುತ್ತಿರುತ್ತೇನೆ.

ಸೂಜಿ ಹಾಕಿಸಿದರೆ ಮಗು ರಾತ್ರಿಯೆಲ್ಲ ಅಳುತ್ತೆ, ಜ್ವರ ಬರುತ್ತೆ.

ಬರುತ್ತದೆ, ಸುಳ್ಳು ಹೇಳುವುದಿಲ್ಲ. ಒಂದೆರಡು ದಿನ ಜ್ವರ, ಸೂಜಿ ಹಾಕಿದ ತೊಡೆ ಕೆಂಪಾಗಿ ಊದುವುದು, ಕಿರಿಕಿರಿ ಇವೆಲ್ಲ ಸಾಮಾನ್ಯ. ಮಗುವಿನ ತೂಕ ನೋಡಿ ನಾವು ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಬಹುದು. ಎಣ್ಣೆ ಹಚ್ಚಿ ತಿಕ್ಕುವುದು, ಅರಿಶಿಣ ಮೆತ್ತುವುದು ಬೇಡ. ಎದೆಹಾಲು ನಿಲ್ಲಿಸಬೇಡಿ. ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಲು ಹೇಳುವುದು ಅಪರೂಪದ ಅಲರ್ಜಿ ಕಂಡರೆ ತಕ್ಷಣ ನೋಡಿಕೊಳ್ಳಲೆಂದು, ಎದ್ದು ಹೋಗಬೇಡಿ. ಮೂರು ಗಂಟೆಗೂ ಹೆಚ್ಚು ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಮಗು ಜೋತುಬಿದ್ದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ, ಮುಂದಿನ ಡೋಸಿನ ಮುಂಚೆ ನಮಗೂ ತಿಳಿಸಿ.

ಖಾಸಗಿ ಆಸ್ಪತ್ರೆಗಳಲ್ಲಿ ಸಿಗುವ ನೋವಿಲ್ಲದ ಸೂಜಿಯಲ್ಲೂ ಗಂಟಲಮಾರಿಗೆ ಇರುವುದು ಟಾಕ್ಸಾಯ್ಡೇ. ಬದಲಾಗಿರುವುದು ನಾಯಿಕೆಮ್ಮಿನ ಭಾಗ. ದುಡ್ಡಿಲ್ಲ ಅಂತ ಕೊರಗಬೇಡಿ, ಸರ್ಕಾರಿ ಸೂಜಿ ಯಾವುದಕ್ಕೂ ಕಡಿಮೆಯಿಲ್ಲ.

ನೆಗಡಿ, ಸಣ್ಣ ಕೆಮ್ಮು ಇದೆ. ಹಾಕಿಸಬಹುದಾ?

ಹಾಕಿಸಬಹುದು. ಜೋರು ಜ್ವರ, ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಇದ್ದರೆ ಮಾತ್ರ ಮುಂದೂಡುತ್ತೇವೆ.

ಡಬ್ಬಿಯಲ್ಲಿ ತಂದ ಲಸಿಕೆ ಬಿಸಿಲಿಗೆ ಕೆಡುವುದಿಲ್ಲವಾ?

ಒಳ್ಳೆಯ ಪ್ರಶ್ನೆ, ಕೇಳುವ ಹಕ್ಕು ನಿಮಗಿದೆ. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸಿಗಿಂತ ಹೆಚ್ಚಾಗಿ ಇದು ಹೆಪ್ಪುಗಟ್ಟಿದರೆ ಕೆಡುತ್ತದೆ. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಡಬ್ಬಿಗೆ ತುಂಬುವುದಿಲ್ಲ. ಹೊರಗಿಟ್ಟು, ಮೇಲೆ ನೀರಿನ ಹನಿ ಮೂಡಿ, ಅಲ್ಲಾಡಿಸಿದರೆ ಒಳಗೆ ನೀರು ಕುಲುಕಿದ ಸದ್ದು ಬಂದ ಮೇಲೆ ತುಂಬುತ್ತೇವೆ. ಬೆಳಗಿನ ಆತುರದಲ್ಲಿ ಆ ಸದ್ದಿಗಾಗಿ ಕಿವಿಯ ಹತ್ತಿರ ಹಿಡಿದು ಕಾಯುವುದು ನನಗೆ ಪೂಜೆ ಇದ್ದ ಹಾಗೆ. ಸೀಸೆಯ ಲೇಬಲ್ ಮೇಲೆ ಒಂದು ವೃತ್ತ, ಅದರೊಳಗೆ ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಚೆನ್ನಾಗಿದೆ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ತೋರಿಸಿ ಅಂತ ಕೇಳಿ, ತೋರಿಸುತ್ತೇವೆ.

ಲಸಿಕೆ ಹಾಕಿಸಿದವರಿಗೂ ಬಂತಂತಲ್ಲ?

ಅಪರೂಪಕ್ಕೆ ಬರಬಹುದು, ಬಂದರೂ ಸಾಮಾನ್ಯವಾಗಿ ಹಗುರ. ಲಸಿಕೆಯ ಹೋರಾಟ ವಿಷದ ಜೊತೆ. ಗಂಟಲಲ್ಲಿ ಬ್ಯಾಕ್ಟೀರಿಯಾ ಕೂರುವುದನ್ನು ಅದು ಪೂರ್ತಿ ತಡೆಯುವುದಿಲ್ಲ. 2015ರಲ್ಲಿ ಸ್ಪೇನ್ ದೇಶದ ಓಲೋಟ್ ಎಂಬ ಊರಿನಲ್ಲಿ ಲಸಿಕೆ ಹಾಕಿಸದ ಆರು ವರ್ಷದ ಹುಡುಗನೊಬ್ಬ ಗಂಟಲಮಾರಿಯಿಂದ ತೀರಿಕೊಂಡ. ಆ ದೇಶ ಸುಮಾರು ಮೂವತ್ತು ವರ್ಷ ಈ ರೋಗವನ್ನೇ ಕಂಡಿರಲಿಲ್ಲ, ಪ್ರತಿವಿಷವನ್ನು ಹೊರದೇಶದಿಂದ ತರಿಸಬೇಕಾಯಿತು. ಅವನ ಜೊತೆಗಿದ್ದ ಕೆಲವು ಮಕ್ಕಳ ಗಂಟಲಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಅವರಿಗೆ ಲಸಿಕೆ ಆಗಿತ್ತು, ಯಾರೂ ಕಾಯಿಲೆ ಬೀಳಲಿಲ್ಲ.

ಒಮ್ಮೆ ಬಂದು ವಾಸಿಯಾದರೆ ಮತ್ತೆ ಬರಲ್ಲ ಅಲ್ವಾ? ಅವರಿಗೆ ಲಸಿಕೆ ಬೇಡ ತಾನೆ?

ಬೇಕು. ದಡಾರದ ಹಾಗೆ ಒಮ್ಮೆ ಬಂದರೆ ಜೀವನಪೂರ್ತಿ ರಕ್ಷಣೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ರೋಗ ತರುವ ವಿಷ ಎಷ್ಟು ಅತ್ಯಲ್ಪ ಅಂದರೆ ದೇಹ ಅದನ್ನು ಕಲಿಯುವಷ್ಟು ಇರುವುದೇ ಇಲ್ಲ. ಗುಣವಾದ ಮೇಲೆ ವಯಸ್ಸಿಗೆ ತಕ್ಕ ಲಸಿಕೆ ಹಾಕಿಸಲೇಬೇಕು.

ದೊಡ್ಡವರಿಗೂ ಬರುತ್ತಾ? ಗರ್ಭಿಣಿಗೆ ಹಾಕುವ ಸೂಜಿ ಇದೇನಾ?

ಬರುತ್ತದೆ. ಸೋವಿಯತ್ ಒಕ್ಕೂಟ ಒಡೆದ ಕಾಲದಲ್ಲಿ ಲಸಿಕೆ ಸಡಿಲವಾಗಿ, 1990ರ ದಶಕದಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಗಂಟಲಮಾರಿ ಬಂತು, ಸುಮಾರು 5,000 ಜನ ಸತ್ತರು. ಅವರಲ್ಲಿ ದೊಡ್ಡವರೇ ಬಹಳ. ಗರ್ಭಿಣಿಗೆ ಈಗ ಕೊಡುವುದು ಟಿಡಿ. ಮೊದಲ ಸಲ ಬಂದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದೇ ಸಾಕು. ತಾಯಿಯ ರಕ್ಷಣೆ ಹೊಟ್ಟೆಯೊಳಗಿನ ಕೂಸಿಗೂ ಕೆಲವು ತಿಂಗಳಿಗೆ ದಾಟುತ್ತದೆ, ಆಮೇಲೆ ಕೂಸಿಗೆ ಅದರದೇ ಸೂಜಿ ಬೇಕು.

ತಾಯಿ ಕಾರ್ಡ್ ಕಳೆದುಹೋಗಿದೆ. ಯಾವುದು ಆಗಿದೆ, ಯಾವುದು ಇಲ್ಲ ನೆನಪಿಲ್ಲ.

ಮಳೆಗೆ ತೊಯ್ದು ಹೋಯಿತು, ಮನೆ ಬದಲಿಸುವಾಗ ಕಳೆಯಿತು, ಇಲಿ ಕಡಿಯಿತು, ಎಲ್ಲ ಕೇಳಿದ್ದೇನೆ. ಅದಕ್ಕಾಗಿ ಮನೆಯಲ್ಲೇ ಉಳಿಯಬೇಡಿ. ಉಪಕೇಂದ್ರದ ರಿಜಿಸ್ಟರಿನಲ್ಲಿ, ಈಗ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ದಾಖಲೆ ಇದ್ದರೆ ಹುಡುಕುತ್ತೇವೆ, ಹೊಸ ಕಾರ್ಡಿಗೆ ಬರೆದುಕೊಡುತ್ತೇವೆ. ಏನೂ ಸಿಗದಿದ್ದರೆ ಆಗಿಲ್ಲ ಅಂತಲೇ ಲೆಕ್ಕ ಹಿಡಿದು ವಯಸ್ಸಿಗೆ ತಕ್ಕದ್ದನ್ನು ಹಾಕುತ್ತೇವೆ. ಒಂದು ಡೋಸ್ ಹೆಚ್ಚಾದರೆ ತೊಡೆ ಸ್ವಲ್ಪ ಹೆಚ್ಚು ಊದಬಹುದು, ಅಷ್ಟೇ. ಬರುವಾಗ ಐದು ವರ್ಷದ ಅಣ್ಣನನ್ನೂ ಅಕ್ಕನನ್ನೂ ಕರೆತನ್ನಿ, ಶಾಲೆ ಬಿಡಿಸಿಯಾದರೂ ಸರಿ. ಗುರುವಾರ ಮಧ್ಯಾಹ್ನದವರೆಗೆ ನಾನು ಅಂಗನವಾಡಿಯಲ್ಲೇ ಇರುತ್ತೇನೆ.